ನೀರು ಇಸ್ಕೊಂಡು ಕುಡಿದವನ ಹೆಸರಿನಲ್ಲಿ

ಹೆಣ ಬೆಳಗಿನಿಂದ ಮನೆಯ ಮುಂದೆ ಇತ್ತು. ಸಂಜೆಯಾದರೂ ಮಣ್ಣಿಗಿಡಲು ಜಾಗ ಗೊತ್ತಾಗಲಿಲ್ಲ. ಹಿರೇನಲ್ಲೂರು ಹೋಬಳಿಯ ಒಂದು ಕೇರಿ, ನಾವು ಹುಟ್ಟಿ ಬೆಳೆದ ಕೇರಿ. ಸತ್ತವಳು ವರಸೆಯಲ್ಲಿ ನಮಗೆ ಚಿಕ್ಕವ್ವ. ಹನ್ನೆರಡು ವರ್ಷದಿಂದ ಏಸುವಿನ ಪ್ರಾರ್ಥನೆಗೆ ಹೋಗುತ್ತಿದ್ದಳು.

ಹಳ್ಳದ ದಂಡೆಯ ನಮ್ಮ ಮಸಣದಲ್ಲಿ ಗುಂಡಿ ತೋಡಲು ಕೇರಿಯ ಯಜಮಾನರು ಬಿಡಲಿಲ್ಲ. 'ದ್ಯಾವ್ರು ಬಿಟ್ಟೋಳಿಗೆ ನಮ್ಮ ಹಿರೀಕರ ಮಗ್ಗುಲಾಗೆ ಜಾಗ ಇಲ್ಲ' ಅಂದರು. ಪಟ್ಟಣದ ಒಂದು ಚರ್ಚಿಗೆ ಫೋನು ಹೋಯಿತು. ಅದಕ್ಕೆ ಕಾಂಪೌಂಡು ಹಾಕಿದ ಸ್ವಂತ ಸಮಾಧಿಭೂಮಿ ಇದೆ. 'ನಮ್ಮ ರಿಜಿಸ್ಟರಿನಲ್ಲಿ ಆಯಮ್ಮನ ಹೆಸರಿಲ್ಲ, ಅವರದು ಬೇರೆ ಸಭೆ' ಎಂದು ಉತ್ತರ ಬಂತು. ಪ್ರಾರ್ಥನೆ ಮಾಡಿಸುವ ಪಾಸ್ಟರು ತಗಡಿನ ಸೂರಿನ ಬಾಡಿಗೆ ಮನೆಯವನು, ನಮ್ಮ ಜಾತಿಯವನೇ. ಒಂದು ಬೈಬಲ್ಲು, ಒಂದು ಹಳೇ ಬೈಕು ಬಿಟ್ಟರೆ ಅವನ ಹತ್ತಿರ ಏನೂ ಇಲ್ಲ. ಊರಿನವರನ್ನು ಯಾರೂ ಕೇಳಲಿಲ್ಲ. ಕೇಳುವಂಥ ಹುಚ್ಚು ನಮಗೆ ಯಾರಿಗೂ ಹಿಡಿದಿರಲಿಲ್ಲ. ಕಡೆಗೆ ಮಗ ತನ್ನ ಮುಕ್ಕಾಲೆಕರೆ ದರಖಾಸ್ತು ಜಮೀನಿನ ಬದುವಿನಲ್ಲಿ, ಮೊಬೈಲಿನ ಬೆಳಕಿನಲ್ಲಿ, ತಾನೇ ಗುದ್ದಲಿ ಹಿಡಿದು ತೋಡಿದ. ತಮಟೆ ಇಲ್ಲ, ಗಂಟೆ ಇಲ್ಲ. ಹೊತ್ತವರು ಆರು ಜನ.

ನಾವೆಲ್ಲಿದ್ದೆವು? ಅಲ್ಲೇ ಇದ್ದೆವು. ಬಿ.ಎ. ಮುಗಿಸಿದವರು, ಬಿ.ಇಡಿ. ಮಾಡಿದವರು, ಏಪ್ರಿಲ್ 14ರಂದು ನೀಲಿ ಶಾಲು ಹೊದ್ದು ಮೈಕು ಹಿಡಿಯುವವರು, ಪದ್ಯ ಬರೆಯುವವರು. ಬಾಯಿ ಬಿಡಲಿಲ್ಲ.

ಕ್ರೈಸ್ತ ಬಂಧುಗಳೇ, ಮೊದಲು ನಿಮ್ಮ ಜೊತೆ ಜಗಳ. ಆಮೇಲೆ ನಮ್ಮವರ ಜೊತೆ ಇದ್ದೇ ಇದೆ.

ಯಾರ ಮೇಲೂ ತೀರ್ಪು ಮಾಡಬಾರದು, ಎಲ್ಲರನ್ನೂ ಇದ್ದ ಹಾಗೇ ಒಪ್ಪಿಕೊಳ್ಳಬೇಕು ಎನ್ನುತ್ತೀರಿ. ಏಸು ಬೆಟ್ಟದ ಮೇಲೆ ಕೂತು ಕಲಿಸಿದ್ದು ಇದನ್ನೇ ಎನ್ನುತ್ತೀರಿ. ತನ್ನ ಕಣ್ಣೊಳಗಿನ ತೊಲೆ ಬಿಟ್ಟು ಪಕ್ಕದವನ ಕಣ್ಣಿನ ಕಸ ಹುಡುಕುವವರನ್ನು ಅವನು ಛೀಮಾರಿ ಹಾಕಿದ್ದು ನಮಗೂ ಗೊತ್ತು. ಮಾತು ಚೆನ್ನಾಗಿದೆ. ಆದರೆ ಈ ದೇಶದಲ್ಲಿ ತೀರ್ಪು ಅಂದರೆ ಏನು ಅಂತ ನೀವು ತಿಳಿದುಕೊಂಡಿದ್ದೀರಿ? ಒಬ್ಬ ಕುಡಿಯುತ್ತಾನೆ, ಒಬ್ಬಳು ಗಂಡನನ್ನು ಬಿಟ್ಟು ಬಂದಿದ್ದಾಳೆ, ಒಬ್ಬ ಜೈಲಿಗೆ ಹೋಗಿ ಬಂದಿದ್ದಾನೆ. ಇಂಥವರನ್ನು ಕಂಡರೆ ಮುಖ ಸಿಂಡರಿಸಬಾರದು, ಅಷ್ಟೇ ತಾನೇ ನಿಮ್ಮ ಲೆಕ್ಕ? ಅದು ಬೇಕು, ಬೇಡ ಎನ್ನುವುದಿಲ್ಲ. ಆದರೆ ನಮ್ಮ ಮೇಲಿನ ತೀರ್ಪು ನಾವು ಮಾಡಿದ ಯಾವ ಕೆಲಸಕ್ಕೂ ಬಂದದ್ದಲ್ಲ. ತಾಯಿ ಹೊಟ್ಟೆಯಲ್ಲಿದ್ದಾಗಲೇ ಅದು ಬರೆದಾಗಿತ್ತು. ಊರು ಒಂದು ಕಡೆ, ಕೇರಿ ಒಂದು ಕಡೆ ನಿಂತಿದೆಯಲ್ಲ, ಅದೇ ಆ ತೀರ್ಪು.

ದೂರ ಹೋಗುವುದು ಬೇಡ. 2024ರ ಜನವರಿಯಲ್ಲಿ ಪಕ್ಕದ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ ಏನಾಯಿತು? ಕೆಲಸದ ಮೇಲೆ ಜೆಸಿಬಿ ಜೊತೆ ಹಟ್ಟಿಗೆ ಹೋದ ದಲಿತ ಯುವಕನನ್ನು ಜಾತಿ ಕೇಳಿ ಹೊಡೆದರು. ಅವನು ಬಂದದ್ದಕ್ಕೆ ಹಟ್ಟಿ ಮೈಲಿಗೆಯಾಯಿತು ಅಂತ ಗುಡಿಗೆ ಬೀಗ ಹಾಕಿದರು. ಅವನೇನು ಕದ್ದನೆ, ಕುಡಿದು ಗಲಾಟೆ ಮಾಡಿದನೆ? ಹೊಡೆದವರೇನು ದೊಡ್ಡ ಜಮೀನ್ದಾರರೆ? ಅವರೂ ಕುರಿ ಕಾಯ್ದುಕೊಂಡು ಬಂದ ಹಿಂದುಳಿದವರೇ. ಶ್ರೇಣೀಕರಣ ಎಂದರೆ ಇದು. ಪ್ರತಿಯೊಬ್ಬನಿಗೂ ತೀರ್ಪು ಕೊಡಲು ಒಬ್ಬ ಕೆಳಗಿನವನನ್ನು ಒದಗಿಸಿ ಕೊಡುತ್ತದೆ.

ಇಂಥ ನೆಲದಲ್ಲಿ ನಿಂತು 'ನಾವು ಯಾರ ಮೇಲೂ ತೀರ್ಪು ಮಾಡೋದಿಲ್ಲಪ್ಪ' ಎಂದು ಕೈಕಟ್ಟಿ ಕೂತರೆ, ಈಗಾಗಲೇ ಜಾರಿಯಲ್ಲಿರುವ ತೀರ್ಪಿಗೆ ರುಜು ಹಾಕಿದ ಹಾಗೆ.

ನಿಮ್ಮ ಪುಸ್ತಕದಲ್ಲೇ ಒಂದು ಕಥೆ ಇದೆ. ನಮಗೆ ಅದರಷ್ಟು ಹತ್ತಿರದ ಕಥೆ ಇನ್ನೊಂದಿಲ್ಲ. ಏಸು ನಡೆದು ನಡೆದು ದಣಿದು ಸಮಾರ್ಯ ಸೀಮೆಯ ಒಂದು ಬಾವಿಕಟ್ಟೆಯ ಮೇಲೆ ಕೂತ. ಉರಿಬಿಸಿಲಿನ ಮಧ್ಯಾಹ್ನ. ನೀರಿಗೆ ಒಬ್ಬಳೇ ಹೆಂಗಸು ಬಂದಳು. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುತ್ತಿರಲಿಲ್ಲ, ಅವರ ಜೊತೆ ಬಳಕೆಯೇ ಇರಲಿಲ್ಲ. ಅವಳಿಗೆ ಐದು ಜನ ಗಂಡಂದಿರಾಗಿದ್ದರು, ಈಗ ಜೊತೆಗಿರುವವನು ಗಂಡನಲ್ಲ. ಏಸು ಅವಳಿಗೆ ಬುದ್ಧಿ ಹೇಳುವ ಮೊದಲು, ಯಾವ ವಾಗ್ದಾನವನ್ನೂ ಕೊಡುವ ಮೊದಲು, ಕುಡಿಯಲು ನೀರು ಕೇಳಿದ. ಅವಳೇ ಬೆಚ್ಚಿಬಿದ್ದಳು. ನಮ್ಮಂಥವರ ಹತ್ತಿರ ನೀನು ನೀರು ಕೇಳುತ್ತೀಯಾ ಎನ್ನುವ ಗಾಬರಿ ಅವಳದು.

ಈ ಗಾಬರಿ ಪೀಠದ ಮೇಲೆ ನಿಂತು ಪ್ರಸಂಗ ಮಾಡುವವರಿಗೆ ಅರ್ಥವಾಗಿದೆಯೇ? ನಮಗೆ ಅರ್ಥವಾಗುತ್ತದೆ. ನಮ್ಮ ಅಜ್ಜಂದಿರು ಹೋಟೆಲಿನ ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರು. ಮೊಣಕೈ ತನಕ ಸೋರಿ ಅಂಗಿ ನೆನೆಯುತ್ತಿತ್ತು. ನೀರು ಕೊಟ್ಟವರಿಗೆ ಆಗ ಧರ್ಮ ಮಾಡಿದ ಸಮಾಧಾನ. ಕೊಡುವುದರಲ್ಲಿ ಜಾತಿ ಕೆಡುವುದಿಲ್ಲ ಸ್ವಾಮಿ! ಅಕ್ಕಿ ಕೊಡಬಹುದು, ಹಳೇ ಬಟ್ಟೆ ಕೊಡಬಹುದು, ಭೂಮಿ ಕೂಡ ಕೊಡಬಹುದು. ಇಸ್ಕೊಂಡಾಗ ಕೆಡುತ್ತದೆ. ಕೇರಿಯ ಚೊಂಬಿನಿಂದ ನೀರು ಇಸ್ಕೊಂಡು ಕುಡಿದಾಗ, ಕೇರಿಯ ಮನೆಯಿಂದ ಹೆಣ್ಣು ತಂದಾಗ, ಕೇರಿಯವನಿಂದ ಪಾಠ ಕೇಳಿದಾಗ, ಕೇರಿಯವನ ಕೈಯಿಂದ ಪ್ರಸಾದ ತಗೊಂಡಾಗ ಕೆಡುತ್ತದೆ. ಬಾವಿಕಟ್ಟೆಯ ಮೇಲೆ ಏಸು ಕೆಡಿಸಿಕೊಂಡದ್ದು ಅದನ್ನು.

ನಮ್ಮ ಚಿಕ್ಕವ್ವ ಕ್ರೈಸ್ತಳಾದದ್ದೂ ಹೀಗೇ. ಕಾಫಿ ಹಣ್ಣು ಕುಯ್ಯುವ ಕಾಲಕ್ಕೆ ಘಟ್ಟದ ಕಡೆ ಎಸ್ಟೇಟಿಗೆ ಹೋಗುತ್ತಿದ್ದಳು. ಲೈನುಮನೆಗೆ ಒಮ್ಮೆ ಒಬ್ಬ ಸಿಸ್ಟರು ಬಂದಿದ್ದಳಂತೆ, ಮಕ್ಕಳಿಗೆ ಔಷಧಿ ಕೊಡಲು. ಬಾಯಾರಿತ್ತು. 'ಕೇಳಿ ಇಸ್ಕಂಡು ಕುಡುದ್ಲು ಕಣಪ್ಪ, ನನ್ನ ಚೊಂಬ್ನಾಗೆ. ಕಚ್ಚಿ ಕುಡುದ್ಲು' ಎಂದು ನಮಗೆ ಎಷ್ಟು ಸಲ ಹೇಳಿದ್ದಾಳೋ. ಅವಳ ಮತಾಂತರದ ಪೂರಾ ಕಥೆ ಇಷ್ಟೇ. ಆ ಸಿಸ್ಟರ ಹೆಸರು ಕೂಡ ಅವಳಿಗೆ ಗೊತ್ತಿರಲಿಲ್ಲ. ಅಕ್ಕಿ ಕೊಟ್ಟರು, ಹಾಲಿನ ಪುಡಿ ಕೊಟ್ಟರು ಎಂದು ಲೆಕ್ಕ ಹಾಕುವವರು ಈ ಒಂದು ಚೊಂಬು ನೀರಿಗೆ ಯಾವ ದರ ಕಟ್ಟುತ್ತಾರೋ ಕಟ್ಟಲಿ.

ಹಾಗಾದರೆ ಕ್ರೈಸ್ತ ಸಭೆ ಇಸ್ಕೊಂಡಿದೆಯೇ? ಚರಿತ್ರೆ ಎರಡು ಥರ ಹೇಳುತ್ತದೆ.

1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟ, ಜನಿವಾರ ಹಾಕಿದ, ಮಾಂಸ ಬಿಟ್ಟ. ಬ್ರಾಹ್ಮಣರನ್ನು ಒಲಿಸಿಕೊಳ್ಳುವುದಕ್ಕಾಗಿ ಕೆಳಜಾತಿಯ ಕ್ರೈಸ್ತರಿಂದ ದೂರ ನಿಂತ. ರೋಮಿನಲ್ಲಿ ಚರ್ಚೆಯಾಗಿ 1623ರಲ್ಲಿ ಪೋಪರು ಜನಿವಾರ, ಶಿಖೆ, ಗಂಧ ಎಲ್ಲಕ್ಕೂ ಅಪ್ಪಣೆ ಕೊಟ್ಟರು. ಮೇಲ್ಜಾತಿಗೆ ಸಂನ್ಯಾಸಿ ವೇಷದ ಪಾದ್ರಿ, ಕೆಳಜಾತಿಗೆ ಪಂಡಾರಸ್ವಾಮಿ ಎಂಬ ಬೇರೆ ಪಾದ್ರಿ. ಒಬ್ಬ ಏಸು, ಎರಡು ಪಂಕ್ತಿ! ಇದನ್ನು ವಿದ್ವಾಂಸರು ಸಂಸ್ಕೃತಿಗಳ ಸಂವಾದ ಎಂದು ಹೊಗಳುತ್ತಾರೆ. ಯಾರ ಸಂಸ್ಕೃತಿ? ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಎಂಬ ಭೇದಗಳು ನಾಲ್ಕು ಶತಮಾನ ದಾಟಿ ಬಂದಿವೆ. ಭಾನುವಾರ ಒಂದೇ ಬೆಂಚು, ಸೋಮವಾರ ಹೆಣ್ಣು ಕೇಳಲು ಹೋದಾಗ ಬೇರೆ ಲೆಕ್ಕ.

ಇನ್ನೊಂದು ಥರವೂ ಇದೆ, ಅದನ್ನು ಹೇಳದಿದ್ದರೆ ನಾವು ಸುಳ್ಳರಾಗುತ್ತೇವೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ತನ್ನ ಸಭೆಗಳಲ್ಲಿ ಜಾತಿಭೇದವನ್ನು ಕೂಡಲೇ ಬಿಡಬೇಕೆಂದು ಆಜ್ಞೆ ಮಾಡಿದ. ತಂಜಾವೂರು, ತಿರುಚಿನಾಪಳ್ಳಿ ಕಡೆಯ ಮೇಲ್ಜಾತಿ ಕ್ರೈಸ್ತರು ಗುಂಪು ಗುಂಪಾಗಿ ಸಭೆ ಬಿಟ್ಟು ನಡೆದರು. ಹೋದವರು ಹೋಗಲಿ ಎಂದ. ಮರುವರ್ಷ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೂಡ ದೀಕ್ಷೆಗೆ ಮೊದಲು ಜಾತಿ ಬಿಡು ಎಂದಿತು. ಜಾತಿ ಬಿಟ್ಟವನಿಗೆ ಕುಲಕಸುಬೂ ಹೋಗುತ್ತದೆ, ಗೇಣಿ ಭೂಮಿಯೂ ಹೋಗುತ್ತದೆ. ಅದಕ್ಕಾಗಿ ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಕೊಡಗಿನ ಸಿದ್ದಾಪುರದ ಹತ್ತಿರ ಆನಂದಪುರ ಎಂಬ ಊರನ್ನೇ ಕಟ್ಟಿ ಕ್ರೈಸ್ತರಾದ ಹೊಲೆಯರನ್ನು ನೆಲೆಗೊಳಿಸಿದರು. ಅವರು ಸಾಹುಕಾರಿಕೆ ಮಾಡಲಿಲ್ಲ, ಬಿಳಿಯರ ಅಹಂಕಾರ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಒಪ್ಪಿಕೊಳ್ಳುವುದು ಎಂದರೆ ಕೂಲಿ, ಸೂರು, ಮಣ್ಣು ಎಂಬುದಾದರೂ ಅವರಿಗೆ ತಿಳಿದಿತ್ತು.

ಇಸ್ಕೊಂಡ ಲೆಕ್ಕ ಈಗ ನೋಡಿ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ದಲಿತರ ಸಬಲೀಕರಣದ ನೀತಿಯೊಂದನ್ನು ಹೊರತಂದಿತು. ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಅದರಲ್ಲಿ ಅವರೇ ಒಪ್ಪಿಕೊಂಡರು. ಒಂದು ಕೋಟಿ 90 ಲಕ್ಷ ಕಥೋಲಿಕರಲ್ಲಿ ಒಂದು ಕೋಟಿ 20 ಲಕ್ಷ ಮಂದಿ ದಲಿತರು; ದಲಿತ ಬಿಷಪರು ಹನ್ನೆರಡು. ಹೈದರಾಬಾದಿನ ಆರ್ಚ್‌ಬಿಷಪ್ ಆಂಥೊನಿ ಪೂಲಾ ಮೊದಲ ದಲಿತ ಕಾರ್ಡಿನಲ್ ಆದದ್ದು 2022ರಲ್ಲಿ. ಸಂತೋಷ, ಚಪ್ಪಾಳೆ ತಟ್ಟಿದೆವು. ಅಲ್ಲಿಯ ತನಕ ದಲಿತರ ತಲೆ ಕಿರೀಟಕ್ಕೆ ಸಣ್ಣದಾಗಿತ್ತೇ?

ಇದನ್ನು ಕೇಳಿದರೆ ಏನು ಉತ್ತರ ಬರುತ್ತದೆ ಗೊತ್ತೆ? 'ಸೋದರರ ಮೇಲೆ ತೀರ್ಪು ಮಾಡಬೇಡಿ' ಎನ್ನುತ್ತಾರೆ. ನೋಡಿ ಹುನ್ನಾರ! ಮೇಲೆ ಕೂತವನು ಕೆಳಗಿನವನಿಗೆ ಕೊಡಬೇಕಾಗಿದ್ದ ಮಾತನ್ನು, ಕೆಳಗಿನವನ ಬಾಯಿಗೇ ಬಟ್ಟೆಯಾಗಿ ತುರುಕುವುದು. ಅಂತಿಯೋಕ್ಯದಲ್ಲಿ ಏನಾಯಿತು, ನೀವೇ ಓದಿಕೊಳ್ಳಿ. ಪೇತ್ರ ಅಲ್ಲಿ ಸುನ್ನತಿಯಿಲ್ಲದ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಮಡಿವಂತರು ಬಂದ ಕೂಡಲೇ ಎಲೆ ಬಿಟ್ಟು ಎದ್ದು ದೂರ ಸರಿದ. ಪಂಕ್ತಿಭೇದ ಅಂದರೆ ಇದೇ ಅಲ್ಲವೇ? ಪೌಲ ಅವನನ್ನು ಎಲ್ಲರೆದುರಿಗೆ, ಮುಖದ ಮೇಲೆ ಖಂಡಿಸಿದ. ಪೇತ್ರ ಅಂದರೆ ಸಾಮಾನ್ಯನೇ, ಸಭೆಯ ತಳಪಾಯದ ಕಲ್ಲು. ಆ ಕಲ್ಲಿಗೇ ಪೌಲ ಏಟು ಹಾಕಿದ. ಹಾಗಾಗಿ ಪಂಕ್ತಿಭೇದವನ್ನು ಖಂಡಿಸುವುದು ನಿಮ್ಮ ಧರ್ಮಕ್ಕೆ ಹೊರಗಿನಿಂದ ನಾವು ತಂದ ರೋಗವಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎದ್ದು ನಿಂತು ಶೂದ್ರರ ದೇವಶಾಸ್ತ್ರ ಬೇಕು ಎಂದರು. ದಲಿತ ದೇವಶಾಸ್ತ್ರ ಹುಟ್ಟಿದ್ದು ಹಾಗೆ. ಇತ್ತ ಭದ್ರಾವತಿಯಲ್ಲಿ ಪಾಠ ಹೇಳುತ್ತಲೇ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದ ಕಾಲ ಅದು. ಎರಡು ದಾರಿ ಒಂದೇ ಕಾಲದಲ್ಲಿ ಬಿದ್ದವು, ಕೂಡಿದ್ದು ಅಪರೂಪ. ತಪ್ಪು ಎರಡೂ ಕಡೆ ಇದೆ.

ಸರ್ಕಾರದ ತೀರ್ಪನ್ನು ಬಿಡುವ ಹಾಗಿಲ್ಲ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಹಿಂದೂ ಧರ್ಮ ಬಿಟ್ಟವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಿಗೂ ಮುಸ್ಲಿಮರಿಗೂ ಬಾಗಿಲು ಹಾಕಿಯೇ ಇದೆ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿದ್ರಾವಿಡ ಕ್ರೈಸ್ತನಿಗೆ, ಸರ್ಕಾರ ಪುಕ್ಕಟೆಯಾಗಿ ಹಂಚಿದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಸುಪ್ರೀಂ ಕೋರ್ಟಿನ ತನಕ ಹೋದ. ಕ್ರೈಸ್ತನಾದ ಮೇಲೂ ಜಾತಿಯ ಕಷ್ಟ ಅಷ್ಟೇ ಉಗ್ರವಾಗಿದೆ ಎಂದು ರುಜುವಾತಾಗಿಲ್ಲ ಎಂದು ಕೋರ್ಟು 1985ರಲ್ಲಿ ವಾಪಸು ಕಳಿಸಿತು. ಕೈಯಲ್ಲಿ ಉಳಿ, ಮುಂದೆ ಚರ್ಮ, ಮೇಲೆ ಬಿಸಿಲು. ಇನ್ನೇನು ರುಜುವಾತು ಬೇಕಿತ್ತೋ? ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಷರತ್ತು ತೆಗೆಯಿರಿ ಎಂದಿತು. ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ನೇಮಿಸಿದರು, ಅವಧಿಯ ಮೇಲೆ ಅವಧಿ ಬೆಳೆಸಿದರು. ನಮ್ಮ ರಾಜ್ಯದಲ್ಲಿ ಇಂಥವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1.

ಇನ್ನು 2021ರ ಸೆಪ್ಟೆಂಬರು. ನಮ್ಮ ನೆರೆಯ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ಹೆತ್ತತಾಯಿಯೇ ಮತಾಂತರವಾಗಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಗುಲ್ಲೆದ್ದಿತು. ಹೊಸದುರ್ಗದ ತಹಸೀಲ್ದಾರರು ವಿಚಾರಿಸಿ, ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ವರದಿ ಕೊಟ್ಟರು. ಆಮೇಲೆ ಅವರಿಗೆ ವರ್ಗವಾಯಿತು. 2022ರಲ್ಲಿ ಕಾಯ್ದೆ ಬಂತು. ಅದರ ಶಿಕ್ಷೆಯ ಪಟ್ಟಿ ಓದಿ ನಾವು ದಂಗಾದೆವು. ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ಇವರನ್ನು ಕಾನೂನು ಮೀರಿ ಮತಾಂತರ ಮಾಡಿದರೆ ಮೂರರಿಂದ ಹತ್ತು ವರ್ಷ ಜೈಲು, ಉಳಿದವರಾದರೆ ಮೂರರಿಂದ ಐದು. ಅಂದರೆ ನಾವು ಎಂ.ಎ. ಓದಿದರೂ ಕೂಸುಗಳು, ತಲೆ ಕೆಟ್ಟವರು. ನಮಗೆ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇಲ್ಲ! ಓಟು ಹಾಕುವ ಬುದ್ಧಿ ಮಾತ್ರ ಇದೆ. ಈ ಕಾಯ್ದೆಯನ್ನು ರದ್ದುಮಾಡುತ್ತೇವೆ ಎಂದು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು.

2025ರ ಸೆಪ್ಟೆಂಬರಿನ ಸಮೀಕ್ಷೆಯ ಜಾತಿಪಟ್ಟಿಯಲ್ಲಿ ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಎಂದು ಸೇರಿದ ಹೆಸರುಗಳು ಕಂಡವು. ರಂಪವಾಯಿತು. ಆಯೋಗ 33 ಹೆಸರುಗಳನ್ನು ಮರೆಮಾಡಿತು. ಹೆಸರು ಮರೆಯಾದರೆ ಬೆಂಚು, ಗೋರಿ, ಮದುವೆಯ ಚಪ್ಪರ ಎಲ್ಲ ಒಂದಾಗುತ್ತವೆಯೇ? 'ಕ್ರೈಸ್ತರಲ್ಲಿ ಜಾತಿಯಿಲ್ಲ' ಎನ್ನುವುದರಲ್ಲಿ ಹಿಂದುತ್ವದವರೂ ಕೆಲವು ಬಿಷಪರೂ ಒಂದೇ ದನಿ. ನಮಗೆ ಅದೇ ದೊಡ್ಡ ತಮಾಷೆಯಾಗಿ ಕಂಡಿತು.

ಈಗ ನಮ್ಮವರಿಗೆ. ಗೆಳೆಯರೇ, ಅಂದು ಹೆಣದ ಮುಂದೆ ನಮ್ಮಲ್ಲೊಬ್ಬ ಪಿಸುಗುಟ್ಟಿದ: 'ಎಸ್ಸಿ ಸರ್ಟಿಫಿಕೇಟು ಬೇಕು, ಏಸುವೂ ಬೇಕು, ಅನುಭವಿಸಲಿ.' ನಾವು ತಲೆಯಾಡಿಸಿದೆವು. ಚಿಕ್ಕವ್ವ ಆ ಸರ್ಟಿಫಿಕೇಟಿನಿಂದ ಏನು ತಗೊಂಡಿದ್ದಳು? ಒಂದು ಜನತಾ ಮನೆ, ಅದರ ಅರ್ಧ ಗೋಡೆ. ಮತ್ತೊಬ್ಬ ಬಾಬಾಸಾಹೇಬರನ್ನು ಎಳೆದು ತಂದ: ಕ್ರೈಸ್ತರಾದರೂ ಜಾತಿ ಹೋಗಲ್ಲ ಅಂತ ಅವರೇ ಬರೆದಿಟ್ಟಿದ್ದಾರೆ ಎಂದ. ನಿಜ, ಬರೆದಿದ್ದಾರೆ. ಅವರು ಕಟಕಟೆಗೆ ನಿಲ್ಲಿಸಿದ್ದು ಸಭೆಯನ್ನು, ಮಿಷನರಿಯನ್ನು. ಪ್ರಾರ್ಥನೆಗೆ ಹೋಗುವ ಕೂಲಿ ಹೆಂಗಸನ್ನು ನಿಲ್ಲಿಸಲಿಲ್ಲ. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಎಂದು ಸಾರಿ, 21 ವರ್ಷ ಯೋಚಿಸಿ 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದವರು ಅವರು. ಆ ಮನೆ ಬಿಟ್ಟು ಹೋದವನ ಫೋಟೋಗೆ ಹಾರ ಹಾಕಿ, ಬೇರೆ ಬಾಗಿಲಿನಿಂದ ಹೊರಟ ಚಿಕ್ಕವ್ವನಿಗೆ ಮಸಣದ ಬೀಗ ಹಾಕುವ ನಾವು ಯಾರ ಮಕ್ಕಳು?

ಇನ್ನೊಂದನ್ನು ಹೇಳಿಬಿಡುತ್ತೇವೆ, ನಾಚಿಕೆಯಾದರೂ. ಪ್ರತಿ ಕ್ರಿಸ್‌ಮಸ್ಸಿಗೆ ಚಿಕ್ಕವ್ವ ಪಾಯಸ ಮಾಡಿ ಕೇರಿಯ ಮನೆ ಮನೆಗೆ ತರುತ್ತಿದ್ದಳು. 'ಕಿರಸ್ತಾನರ ಪಾಯಸ' ಎಂದು ನಮ್ಮ ತಾಯಂದಿರು ಪಾತ್ರೆ ಒಡ್ಡುತ್ತಿರಲಿಲ್ಲ. ಕೆಲವರು ಇಸ್ಕೊಂಡು, ಅವಳು ತಿರುವಿನಲ್ಲಿ ಮರೆಯಾದ ಮೇಲೆ ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಿದ್ದರು. ಅವಳಿಗೆ ಗೊತ್ತಿತ್ತು. ಮರುವರ್ಷ ಮತ್ತೆ ತರುತ್ತಿದ್ದಳು. ಊರಿನವರು ನಮಗೆ ಮಾಡಿದ್ದನ್ನು ನಾವು ಅವಳಿಗೆ ಮಾಡಿದೆವು. ಅವಳು ತಿರುಗಿ ನಮ್ಮ ಮೇಲೆ ಒಂದು ಮಾತು ಆಡಲಿಲ್ಲ. ಕ್ರೈಸ್ತರು ಹೇಳುವ 'ತೀರ್ಪಿಲ್ಲದೆ ಒಪ್ಪಿಕೊಳ್ಳುವುದನ್ನು' ಯಾರಾದರೂ ಮಾಡಿದ್ದನ್ನು ನಾವು ಕಣ್ಣಾರೆ ಕಂಡದ್ದು ಅಷ್ಟೇ. ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತವಳಲ್ಲಿ ಕಂಡದ್ದು. ಹಾಗೆಂದು ಅವಳ ತಾಳ್ಮೆಯನ್ನು ಹೊಗಳಿ ಪದ್ಯ ಬರೆಯಲು ನಮಗೆ ಮನಸ್ಸಿಲ್ಲ. ತಾಳಿಕೊಳ್ಳುವುದು ಅವಳೊಬ್ಬಳ ಪಾಲಿನ ಕೆಲಸವಾಗಬಾರದಿತ್ತು.

ಕೇರಿಯ ಮಸಣ ಸರ್ಕಾರಿ ಜಾಗ. ಅಲ್ಲಿ ಕೇರಿಯಲ್ಲಿ ಸತ್ತ ಯಾರನ್ನೇ ಆಗಲಿ, ಯಾವ ದೇವರಿಗೆ ಕೈಮುಗಿದವರಾಗಲಿ, ಮುಗಿಯದವರಾಗಲಿ, ಮಣ್ಣು ಮಾಡಲು ಅಡ್ಡಿ ಮಾಡಕೂಡದು ಎಂದು ಕಡೂರಿನ ತಹಸೀಲ್ದಾರರಿಗೆ ಅರ್ಜಿ ಬರೆದಿದ್ದೇವೆ. ಪಟ್ಟಣದ ಆ ಚರ್ಚಿಗೂ ಒಂದು ಕಾಗದ ಹೋಗಿದೆ. ಅವರ ರಿಜಿಸ್ಟರಿನಲ್ಲಿ ಬಾವಿಕಟ್ಟೆಯ ಆ ಹೆಂಗಸಿನ ಹೆಸರು ಎಷ್ಟನೇ ಪುಟದಲ್ಲಿದೆ ಎಂದು ಅದರಲ್ಲಿ ಕೇಳಿದ್ದೇವೆ. ಉತ್ತರ ಬಂದಿಲ್ಲ. ಅರ್ಜಿ ಹಿಡಿದು ಕೇರಿಯಲ್ಲಿ ಮನೆ ಮನೆ ತಿರುಗಿದಾಗ ಹನ್ನೊಂದು ಸಹಿ, ಐದು ಹೆಬ್ಬೆಟ್ಟು ಬಿದ್ದವು. ಯಜಮಾನರು ಹಾಕಲಿಲ್ಲ. ಅವರ ಹೆಂಡತಿ ಒಳಗಿನಿಂದ ಬಂದು, ಕೈ ಸೆರಗಿಗೆ ಒರೆಸಿಕೊಂಡು, 'ಎಲ್ಲಿ ಒತ್ತಬೇಕಪ್ಪ?' ಎಂದು ಕೇಳಿದರು.